ಆರು ತಿಂಗಳ ಗ್ಯಾರಂಟಿಯ ನಾಯಿ

ನಾನು ಕಟ್ಟಿಕೊಟ್ಟ ಮೋಟರ್ ತಿರುಗಿ ಬಂದಿದೆ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕಿನಲ್ಲಿ ಯಾರಾದರೂ ಎದೆ ತಟ್ಟಿ ಹೇಳಲಿ, ಅವತ್ತೇ ಸ್ಪ್ಯಾನರು ಕೆಳಗಿಡುತ್ತೇನೆ. ಏಳನೇ ಇಯತ್ತೆಗೇ ಶಾಲೆಗೆ ಕೈಮುಗಿದವನು ನಾನು. ಮುಂದಿನದನ್ನೆಲ್ಲ ಸುಟ್ಟ ವೈಂಡಿಂಗು, ಸವೆದ ಬುಶ್ಶು, ನೀರೆತ್ತದ ಪಂಪುಗಳೇ ಕಲಿಸಿದವು. ಪಂಪು ನಿಂತ ದಿನ ದೊಡ್ಡ ದೊಡ್ಡ ಡಿಗ್ರಿಯವರೂ ಬಾವಿಕಟ್ಟೆಯ ಮೇಲೆ ನಿಂತು ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಇಂಥ ನನಗೆ ಒಂದು ನಾಯಿಗೆ ಮನೆ ಹುಡುಕಿ ಕೊಡುವುದು ಯಾವ ದೊಡ್ಡ ಕೆಲಸ?

ಹಾಗಂದುಕೊಂಡೆ.

ಶಿರಸಿಯಿಂದ ಸ್ವಲ್ಪ ಹೊರಗೆ ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಜಾಗವೊಂದಿದೆ. ಅಲ್ಲಿಯ ಬೋರ್‌ವೆಲ್ ಪಂಪು ಕೆಟ್ಟು ನನ್ನನ್ನು ಕರೆಸಿದ್ದರು. ಕೆಲಸ ಮುಗಿಸಿ ಕೈ ತೊಳೆಯುವಾಗ, ಜಾಲರಿ ಗೂಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಒಂದು ಕಂದು ನಾಯಿ ಕಂಡಿತು. ಪಕ್ಕದಲ್ಲಿ ಅನ್ನ ಹಾಕಿದ ತಾಟು ಹಾಗೇ ಇತ್ತು.

"ಎಂತಾಗಿದೆ ಅದಕ್ಕೆ?" ಎಂದೆ.

"ರೋಗ ಎಂತದೂ ಇಲ್ಲ. ಒಂದೇ ಇದ್ರೆ ಅನ್ನ ಮುಟ್ಟೂದಿಲ್ಲ," ಎಂದರು ಅಲ್ಲಿಯ ಮೇಡಮ್ಮು. "ಇಲ್ಲಿ ಅರವತ್ತು ನಾಯಿ, ನಾವು ಇಬ್ಬರು. ಇದರ ಹತ್ರ ಕೂತು ಉಣ್ಣಿಸೋರು ಯಾರು? ಹೀಗೇ ಆದ್ರೆ ಬಹಳ ದಿನ ಇರೂದಿಲ್ಲ. ಯಾರಾದ್ರೂ ತಮ್ಮ ಮನೇಲಿ ಇಟ್ಕೊಂಡು, ಅದಕ್ಕೊಂದು ಕಾಯಂ ಮನೆ ನೋಡಿ ಕೊಟ್ರೆ ಬದುಕ್ತದೆ. ಆದ್ರೆ ಹೊರಗೆ ಕಟ್ಟಿ ಹಾಕೂ ಹಾಗಿಲ್ಲ, ಚಿರತೆ ಬಿಡೂದಿಲ್ಲ. ಮಲಗೂದು ಮನೆ ಒಳಗೇ ಆಗಬೇಕು."

"ಇಷ್ಟೇನಾ!" ಎಂದುಬಿಟ್ಟೆ. ನನ್ನ ಬಾಯಿಯಿಂದ ಬಂದ ಮಾತುಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ದುಬಾರಿಯದೂ ಇನ್ನೊಂದಿಲ್ಲ.

ಅಲ್ಲಿ ಅದನ್ನು ಪ್ರಿನ್ಸ್ ಎಂದು ಕರೆಯುತ್ತಿದ್ದರು. ರಾಜಕಳೆಯೇನೂ ನನಗೆ ಕಾಣಲಿಲ್ಲ. ಮೋಟರಿನ ತಂತಿಯಂತೆ ಸುರುಳಿ ಸುತ್ತಿ ಮಲಗುವುದನ್ನು ನೋಡಿ ಕಾಯಿಲ್ ಎಂದು ಹೆಸರಿಟ್ಟೆ. ಟೆಂಪೋದಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು.

ಹೆಂಡತಿ ನಾಗವೇಣಿ ಬಾಗಿಲಲ್ಲೇ ಕೇಳಿದಳು. "ಇದು ಎಷ್ಟು ದಿನಕ್ಕೆ?"

"ಎಂಟು ದಿನ. ಹೆಚ್ಚೆಂದ್ರೆ ಹತ್ತು."

ನಮ್ಮದು ಅಂಗಡಿಯ ಹಿಂದಿನ ಬಾಡಿಗೆ ಮನೆ. ಮೇಲಿರುವ ಮಾಲೀಕರು ನಾಯಿಯನ್ನು ನೋಡಿ, ನನ್ನನ್ನು ನೋಡಿ, "ಒಂದು ತಿಂಗಳು. ಆಮೇಲೆ ಒಂದು ದಿನವೂ ಇಲ್ಲ," ಎಂದು ತೀರ್ಪು ಕೊಟ್ಟು ಮೆಟ್ಟಿಲು ಹತ್ತಿದರು. ನನಗೆ ನಗು ಬಂತು. ಒಂದು ತಿಂಗಳಲ್ಲಿ ನಾನು ಮೂವತ್ತು ನಾಯಿಗೆ ಮನೆ ನೋಡಬಲ್ಲೆ!

ಮೋಟರು ಸಿದ್ಧವಾದಾಗ ಗಿರಾಕಿಗಳಿಗೆಲ್ಲ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುವುದು ನನ್ನ ಪದ್ಧತಿ. ಅದೇ ಧಾಟಿಯಲ್ಲಿ ಕಾಯಿಲ್ ಬಗ್ಗೆಯೂ ಒಂದು ಕಳಿಸಿದೆ: "ನಮಸ್ಕಾರ. ನಮ್ಮಲ್ಲಿ ಒಂದು ನಾಯಿ ಉಂಟು. ಒಳ್ಳೆ ಕಂಡೀಷನ್. ಸದ್ದು ಕಮ್ಮಿ. ಆರು ತಿಂಗಳು ಗ್ಯಾರಂಟಿ. ತಕರಾರು ಬಂದ್ರೆ ಮನೆಗೇ ಬಂದು ಉಚಿತ ಸರ್ವಿಸ್."

ಒಲೆಯ ಮುಂದಿದ್ದ ನಾಗವೇಣಿ ಸೌಟು ಹಿಡಿದೇ ಹೊರಗೆ ಬಂದಳು. "ಅಲ್ಲಾ, ನಾಯಿಗೆ ಗ್ಯಾರಂಟಿನಾ?"

"ಗ್ಯಾರಂಟಿ ಇಲ್ದೆ ನಮ್ಮ ಕಡೆ ಜನ ಪ್ಲಾಸ್ಟಿಕ್ ಕೊಡಪಾನನೂ ತಗಳೂದಿಲ್ಲ ಮಾರಾಯ್ತಿ. ವ್ಯಾಪಾರ ನಿನಗೆ ತಿಳಿಯೂದಿಲ್ಲ."

"ಅದು ಎಂತಕ್ಕೆ ಹೆದರ್ತದೆ, ಎಂತ ಮಾಡ್ತದೆ ಅಂತ ನಾಲ್ಕು ದಿನ ನೋಡಿ ಆಮೇಲೆ ಹೇಳಬೌದಿತ್ತು."

"ನಾನು ಸದ್ದು ಕೇಳಿಯೇ ಮೋಟರ್ ಗುರುತು ಹಿಡಿಯೋನು!"

ಕಾಯಿಲ್ ಸದ್ದೇ ಮಾಡುತ್ತಿರಲಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂಜೆಯೊಳಗೆ ಫೋನುಗಳು ಶುರುವಾದವು. ಯಲ್ಲಾಪುರದ ಒಬ್ಬರು ಪೂರ್ತಿ ಕೇಳಿಸಿಕೊಳ್ಳದೆ, "ಸಿಂಗಲ್ ಫೇಸಾ, ತ್ರೀ ಫೇಸಾ?" ಎಂದರು. ಹೆಗ್ಗರಣೆಯ ಹೆಗಡೇರು ಮಾತ್ರ ಸರಿಯಾಗಿ ಕೇಳಿದ್ದರು. ಅವರದು ಒಂದೇ ಪ್ರಶ್ನೆ.

"ಮಂಜ, ಮಂಗ ಓಡಿಸ್ತಾ?"

"ಮಂಗ ಎಂತ, ಮಂಗನ ಅಜ್ಜನ್ನೂ ಓಡಿಸ್ತದೆ!" ಎಂದೆ. ಮಂಗನನ್ನು ಕಂಡಾಗ ಕಾಯಿಲ್ ಏನು ಮಾಡುತ್ತದೆ ಎಂದು ನಾನು ನೋಡಿರಲಿಲ್ಲ. ಆದರೆ ಅದು ನಾಯಿ. ನಾಯಿ ಮಂಗನನ್ನು ಓಡಿಸುತ್ತದೆ. ಇದಕ್ಕೆ ಪರೀಕ್ಷೆ ಬೇರೆ ಬೇಕೇ? ಮರುದಿನವೇ ಒಯ್ದು, ರಾತ್ರಿ ಒಳಗೇ ಮಲಗಿಸಬೇಕು ಎಂದು ಮಾತು ತೆಗೆದುಕೊಂಡು, ಎದೆ ಉಬ್ಬಿಸಿ ವಾಪಸಾದೆ.

ಮೂರನೇ ದಿನ ಫೋನು. "ಮಂಜ, ನಿನ್ನ ನಾಯಿ ಸ್ಟಾರ್ಟ್ ಆಗ್ತು, ಆದ್ರೆ ಲೋಡ್ ತಗತ್ತಿಲ್ಲೆ."

"ಅಂದ್ರೆ? ಮಂಗ ಬಂದಾಗ ಎಂತ ಮಾಡ್ತದೆ?"

"ನನ್ನ ಪಂಚೆ ಒಳಗೆ ಬಂದು ಕೂತ್ಕತ್ತು."

ಗ್ಯಾರಂಟಿ ಕೊಟ್ಟವನು ನಾನು. ಮಾತು ಎಂದರೆ ಮಾತು. ಸ್ಪ್ಯಾನರು ಚೀಲವನ್ನೂ ಹೆಗಲಿಗೇರಿಸಿ ಹೆಗ್ಗರಣೆಗೆ ಸರ್ವಿಸ್‌ಗೆ ಹೋದೆ. ಚೀಲ ಏಕೆ ಒಯ್ದೆನೋ ಇವತ್ತಿಗೂ ತಿಳಿಯದು. ಹೊಸ ಕೆಲಸಗಾರನಿಗೆ ಒಮ್ಮೆ ಮಾಡಿ ತೋರಿಸಿದರೆ ಕಲಿಯುತ್ತಾನೆ ಎಂಬುದು ನನ್ನ ವೃತ್ತಿಯ ಅನುಭವ. ಆದ್ದರಿಂದ ಬಾಳೆಗೊನೆಗೆ ಮಂಗಗಳು ಬಂದ ಕೂಡಲೇ, "ಕಾಯಿಲ್, ಇಲ್ನೋಡು, ಹಿಂಗೆ!" ಎಂದು ನಾನೇ ನುಗ್ಗಿದೆ. ಕೂಗಿದೆ. ಡಬ್ಬ ಬಡಿದೆ. ಹೆಂಟೆ ಎಸೆದೆ. ಬಾಯಿಗೆ ಬಂದಂತೆ ಬೊಗಳಿದೆ ಕೂಡ! ಹೆಂಟೆ ಮುಗಿದ ಮೇಲೆ ಚೀಲಕ್ಕೆ ಕೈ ಹಾಕಿ ಹನ್ನೆರಡು-ಹದಿಮೂರರ ಸ್ಪ್ಯಾನರು ಬೀಸಿದೆ. ಒಂದು ದೊಡ್ಡ ಗಡವ ಅದನ್ನು ಹೆಕ್ಕಿ, ತಿರುಗಿಸಿ ನೋಡಿ, ಉಂಚಳ್ಳಿ ಜಲಪಾತದ ಕಡೆಗೆ ಹೋಯಿತು. ಆ ಕಾಡಿನಲ್ಲಿ ಯಾರಿಗಾದರೂ ಸಿಕ್ಕರೆ ಅದು ನನ್ನದು.

ಉಳಿದ ಮಂಗಗಳೂ ಹೋದವು. ಏದುಸಿರು ಬಿಡುತ್ತ ತಿರುಗಿ ನೋಡಿದರೆ ಕಾಯಿಲ್ ಹೆಗಡೇರ ಕಾಲಬುಡದಲ್ಲಿ ಕೂತು ನಾಟಕ ನೋಡಿದಂತೆ ನೋಡುತ್ತಿತ್ತು.

ಹೆಗಡೇರು ಗಂಭೀರವಾಗಿ ಹೇಳಿದರು. "ಮಂಜ, ನಿನ್ನಷ್ಟು ಚೊಲೋ ಮಂಗ ಓಡಿಸೋರನ್ನ ನಾ ಕಂಡಿದ್ದಿಲ್ಲೆ. ನಾಯಿ ಬೇಡ. ನೀನೇ ಇದ್ದುಬಿಡು. ಎರಡು ಹೊತ್ತು ಊಟ ಗ್ಯಾರಂಟಿ."

ನನ್ನ ಮೊದಲ ಮಾಲು ತಿರುಗಿ ಬಂತು.

ಇಷ್ಟಕ್ಕೆ ಸೋಲುವವನಲ್ಲ. ಮುಂದಿನ ವಾರ ಹುಲಗೋಳದ ತಿಮ್ಮಣ್ಣ ಸಿಕ್ಕಿದ. ಗದ್ದೆ ಕೆಲಸಕ್ಕೆ ಹೋದಾಗ ಮನೆ ಕಾಯಲು ಅವನಿಗೆ ನಾಯಿ ಬೇಕಿತ್ತು. ಈ ಸಲ ನಾನು ತಿಳಿದದ್ದನ್ನೇ ಹೇಳಿದೆ: "ಮನೆಯವರನ್ನ ಬಿಟ್ಟು ಒಂದು ಹೆಜ್ಜೆ ಅಲ್ಲಾಡೂದಿಲ್ಲ." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಕುತ್ತಿಗೆಗೆ ಬಂತು.

ತಿಮ್ಮಣ್ಣನ ಮನೆಯವರೆಲ್ಲ ಊರ ಹತ್ತಿರದ ಒಂದು ಮದುವೆಗೆ ಹೊರಟರು. ಕಾಯಿಲ್‌ಗೆ ಅನ್ನ ಹಾಕಿ, ಒಳಗೆ ಬಿಟ್ಟು, ಬೀಗ ಹಾಕಿದರು. ಅದು ಅನ್ನ ಬಿಟ್ಟು, ಅಡುಗೆ ಮನೆಯ ಕಿಟಕಿಯಿಂದ ತೂರಿ, ಅವರು ಹೊರಟ ಟೆಂಪೋದ ಹಿಂದೆಯೇ ಓಡಿತು.

ಮಧ್ಯಾಹ್ನ ನನಗೆ ಫೋನು. "ಮಂಜಣ್ಣಾ, ನಿನ್ನ ಮಾಲು ಇಲ್ಲಿ ಎರಡನೇ ಪಂಕ್ತಿಲಿ ಕೂತದೆ!"

"ಎಲ್ಲಿ?"

"ಊಟಕ್ಕೆ ಮಾರಾಯ, ಊಟಕ್ಕೆ! ಎಲೆ ಮುಂದೆ!"

ಅಲ್ಲೇ ಹತ್ತಿರದ ತೋಟದಲ್ಲಿ ಪಂಪು ಬಿಚ್ಚುತ್ತಿದ್ದವನು ಗ್ರೀಸು ಮೆತ್ತಿದ ಅಂಗಿಯಲ್ಲೇ ಓಡಿದೆ. ಚಪ್ಪರದ ಕೆಳಗೆ ನೆಲದ ಮೇಲೆ ಉದ್ದಕ್ಕೆ ಎಲೆ ಹಾಕಿದ್ದರು. ಇಬ್ಬರು ಹಿರಿಯರ ನಡುವೆ ಖಾಲಿಯಿದ್ದ ಜಾಗದಲ್ಲಿ ಕಾಯಿಲ್ ಬಾಲ ಮಡಚಿ, ಬಹಳ ಮರ್ಯಾದೆಯಿಂದ ಕೂತಿತ್ತು. ಬಡಿಸುವವರು ಎಲೆ ನೋಡುತ್ತಾರೆಯೇ ಹೊರತು ಮುಖ ನೋಡುವುದಿಲ್ಲವಲ್ಲ. ಅದರ ಎಲೆಗೂ ಕೋಸಂಬರಿ, ಪಲ್ಯ, ಅನ್ನ, ತೊವ್ವೆ, ಎರಡು ಹೋಳಿಗೆ ಬಿದ್ದಿದ್ದವು. ಅದು ಅಕ್ಕಪಕ್ಕ ನೋಡಿತು. ಹಿರಿಯರು ಉಣ್ಣಲು ಶುರು ಮಾಡಿದರು. ಇದೂ ಶುರು ಮಾಡಿತು.

ಆಗ ಒಬ್ಬರಿಗೆ ಕಂಡಿತು ನೋಡಿ! "ಯಾರದ್ರೀ ನಾಯಿ?" ಎಂದು ಎದ್ದು ನಿಂತರು.

ತಿಮ್ಮಣ್ಣ ಕೈ ಎತ್ತಿ ನನ್ನತ್ತ ತೋರಿಸಿದ. "ಮೋಟರ್ ಮಂಜಣ್ಣಂದು. ಇನ್ನೂ ಗ್ಯಾರಂಟಿ ಪಿರಿಯಡ್‌ನಲ್ಲೇ ಅದೆ."

ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ನನ್ನ ಗಿರಾಕಿಗಳು. ನಾನು ಪಂಕ್ತಿಯ ನಡುವೆ ಕೈಮುಗಿಯುತ್ತ ಹೋಗಿ, ಅರ್ಧ ಹೋಳಿಗೆ ಕಚ್ಚಿಕೊಂಡಿದ್ದ ನಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟೆ. ಹಿಂದಿನಿಂದ ಒಬ್ಬ ಅಜ್ಜನ ದನಿ ಕೇಳಿಸಿತು. "ಅಲ್ದಾ, ನಮ್ಮನೆ ಪಂಪಿಗೂ ಇಂವ ಇದೇ ಗ್ಯಾರಂಟಿ ಕೊಟ್ಟಿದ್ನಲ್ದಾ?"

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಇಪ್ಪತ್ತೆರಡು ವರ್ಷದ ಹೆಸರು ಹೋಳಿಗೆಯ ಜೊತೆ ನಾಯಿಯ ಬಾಯಿಗೆ ಹೋಯಿತು.

ಆಮೇಲೆ ಯಾರೂ ಫೋನ್ ಮಾಡಲಿಲ್ಲ. ಮಾಡಿದವರು ನಗುವುದಕ್ಕೆ ಮಾಡಿದರು. ಮಾಲೀಕರು ಕೊಟ್ಟ ತಿಂಗಳು ಮುಗಿಯಲು ನಾಲ್ಕು ದಿನ ಉಳಿದಾಗ ಮೇಡಮ್ಮಿನ ಫೋನು ಬಂತು. "ಆಗದಿದ್ರೆ ಬೇಜಾರಿಲ್ಲ ಮಂಜುನಾಥರೇ, ವಾಪಸ್ ತಂದುಬಿಡಿ."

ವಾಪಸ್ ಎಂದರೆ ಆ ಗೋಡೆ. ಇಷ್ಟು ದಿನದಲ್ಲಿ ಪರಿಸ್ಥಿತಿ ಬದಲಾಗಿರಬಹುದು ಎಂದು ಒಂದು ಮಧ್ಯಾಹ್ನ ಕಾಯಿಲ್‌ಗೆ ತಾಟು ಹಾಕಿ, ನಾವಿಬ್ಬರೂ ಹೊರಗೆ ಹೋಗಿ ಎರಡು ತಾಸು ಬಿಟ್ಟು ಬಂದೆವು. ಅನ್ನ ಒಣಗಿತ್ತು. ಅದು ಗೋಡೆಗೆ ಮುಖ ಮಾಡಿ ಮಲಗಿತ್ತು. ನಾಗವೇಣಿ ತಾಟಿನ ಪಕ್ಕ ಕೂತು ಒಂದು ತುತ್ತು ತಾನು ತಿಂದಳು. ಅದು ಎದ್ದು ಬಂದು ಉಂಡಿತು.

ನಾನು ಮಾಲೀಕರ ಮುಂದೆ ಹೋಗಿ ನಿಂತೆ. ಇಷ್ಟು ವರ್ಷದಲ್ಲಿ ನಾನು ಯಾರ ಮುಂದೆಯೂ ಹಾಗೆ ನಿಂತವನಲ್ಲ. ಅವರು, "ತಿಂಗಳೆಂದರೆ ತಿಂಗಳು," ಎಂದರು. ಅವರ ಪಂಪು ಕಟ್ಟಿದವನೂ ನಾನೇ. ಅದು ಲೆಕ್ಕಕ್ಕೆ ಬರಲಿಲ್ಲ.

ಕೆಳಗೆ ಬಂದಾಗ ನಾಗವೇಣಿ ಫೋನಿನಲ್ಲಿದ್ದಳು. ಆ ಕಡೆ ಯಶೋದಕ್ಕ. ಇವಳ ತವರಾದ ಸಿದ್ದಾಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುವವರು. ಅಂಗಡಿಯ ಹಿಂದೆಯೇ ಮನೆ, ಇರುವುದು ಒಬ್ಬರೇ.

"ಯಶೋದಕ್ಕಾ, ಒಂದು ನಾಯಿ ಉಂಟು. ಬೊಗಳೂದಿಲ್ಲ. ಮಂಗನ್ನ ಕಂಡ್ರೆ ಹೆದರ್ತದೆ. ಮನೆ ಕಾಯೂದಿಲ್ಲ. ಒಂದೇ ಇರೂದಿಲ್ಲ. ಜೊತೆಗೆ ಯಾರಾದ್ರೂ ಕೂತು ಉಂಡ್ರೆ ಮಾತ್ರ ಉಣ್ತದೆ."

ನಾನು ತಲೆ ಮೇಲೆ ಕೈ ಹೊತ್ತೆ. ಹೀಗೂ ವ್ಯಾಪಾರ ಮಾಡುತ್ತಾರೆಯೇ! ಆದರೆ ಆ ಕಡೆಯ ಮಾತು ನನಗೂ ಕೇಳಿಸಿತು.

"ನನಗೂ ಒಬ್ಬಳೇ ಕೂತು ಉಣ್ಣೂಕೆ ಮನಸಾಗೂದಿಲ್ಲ ಹೆಣ್ಣೇ. ಕಳಿಸು."

ಅಷ್ಟೇ! ಮೂರು ತಾಲ್ಲೂಕು ಸುತ್ತಿ, ಸ್ಪ್ಯಾನರು ಕಳೆದುಕೊಂಡು, ಹೆಸರು ಕೆಡಿಸಿಕೊಂಡು ಸಾಧಿಸಲಾಗದ್ದನ್ನು ಅವಳು ದೋಸೆ ಮಗುಚುವಷ್ಟು ಹೊತ್ತಿನಲ್ಲಿ ಮುಗಿಸಿದಳು.

ಮರುದಿನ ಸಿದ್ದಾಪುರಕ್ಕೆ ಒಯ್ದೆವು. ಕಾಯಿಲ್ ಅಂಗಡಿಯನ್ನೊಮ್ಮೆ ಮೂಸಿ, ಹೊಲಿಗೆ ಮಿಶಿನ್ನಿನ ಕೆಳಗೆ ಹೊಕ್ಕು, ಯಶೋದಕ್ಕನ ಎಡಗಾಲಿನ ಮೇಲೆ ಗದ್ದ ಇಟ್ಟಿತು. ಬಲಗಾಲಿನಲ್ಲಿ ಅವರು ಮಿಶಿನ್ ತುಳಿಯುತ್ತಲೇ ಇದ್ದರು. ನಾನು ಗಂಟಲು ಸರಿ ಮಾಡಿಕೊಂಡು, "ಏನಾದರೂ ತಕರಾರು ಬಂದ್ರೆ..." ಎಂದು ಆರಂಭಿಸಿದೆ.

"ಬಂದ್ರೆ ನಾನು ನೋಡ್ಕೊಳ್ತೆ ಭಾವ, ನೀವು ಹೊರಡಿ. ಇಲ್ಲಿ ಬ್ಲೌಸಿನ ಅಳತೆ ಕೊಡೋರು ಕಾಯ್ತಿದಾರೆ."

ಹದಿನೈದು ದಿನ ಕಾದೆ. ಒಂದು ತಕರಾರೂ ಬರಲಿಲ್ಲ. ನನ್ನ ಜೀವಮಾನದಲ್ಲಿ ತಕರಾರಿಗಾಗಿ ಕಾದದ್ದು ಅದೇ ಮೊದಲು. ಕೊನೆಗೆ ನಾಗವೇಣಿಯ ಪೆಟ್ಟಿಗೆಯಿಂದ ಒಂದು ರವಿಕೆ ಕಣ ತೆಗೆದುಕೊಂಡು, "ಸಿದ್ದಾಪುರದಲ್ಲಿ ಒಂದು ಪಂಪಿನ ಕೆಲಸ ಇದೆ, ಹಾಗೇ ಹೊಲಿಯೂಕೆ ಕೊಟ್ಟು ಬರ್ತೆ," ಎಂದೆ.

"ಶಿರಸಿಲಿ ಬೀದಿಗೆ ನಾಲ್ಕು ಟೇಲರ್ ಇದ್ದಾರೆ."

"ಯಶೋದಕ್ಕನ ಕೈ ಬೇರೆ."

ಕಾಯಿಲ್ ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಎದೆ ತುಂಬಿತು. ಹಿಂದೆಯೇ ಬಂದ ಗಿರಾಕಿ ಹೆಂಗಸಿಗೂ ಅಷ್ಟೇ ಅಲ್ಲಾಡಿಸಿತು. ಅಳೆದು ನೋಡಿದಂತೆ ಅಷ್ಟೇ.

ಎರಡನೇ ವಾರ ಇನ್ನೊಂದು ಕಣ ಒಯ್ದೆ. ಮೂರನೇ ವಾರ ಮತ್ತೊಂದು. ನಾಲ್ಕನೇ ಸಲ ನಾಗವೇಣಿ, "ಎಲ್ಲಾ ಒಟ್ಟಿಗೇ ಕೊಟ್ರೆ ಆಗ್ತಿತ್ತಲ್ಲ," ಎಂದಳು. ಒಂದೊಂದೇ ಕೊಟ್ಟರೆ ಹೊಲಿಗೆ ನಿಖರವಾಗಿರುತ್ತದೆ ಎಂದು ವಿವರಿಸಿದೆ. ಅವಳು ತನ್ನ ತಂಗಿಯದೂ ಒಂದು ತಂದುಕೊಟ್ಟಳು.

ಯಶೋದಕ್ಕ ಮಾತ್ರ ಲೆಕ್ಕದ ಹೆಂಗಸು. ನಾನು ಅಂಗಡಿಯ ಸ್ಟೂಲಿನ ಮೇಲೆ ತಾಸುಗಟ್ಟಲೆ ಕೂತು ನಾಯಿಯ ಕಿವಿ ನೀವುತ್ತಿರುವುದನ್ನು ಎರಡು ವಾರ ಸಹಿಸಿದರು. ಮೂರನೇ ವಾರ ಒಂದು ಡಬ್ಬಿ, ಸೂಜಿ, ದಾರ ತಂದು ಮಡಿಲಿಗೆ ಹಾಕಿದರು. "ಕೂರೂದೇ ಆದ್ರೆ ಸುಮ್ನೆ ಎಂತಕ್ಕೆ ಕೂತ್ಕೊಳ್ತ್ರಿ ಭಾವ? ಇದಿಷ್ಟಕ್ಕೆ ಹುಕ್ಕು ಹಚ್ಚಿ."

ಸಿದ್ದಾಪುರ ಪೇಟೆಯಲ್ಲಿ ಹೆಂಗಸರ ಟೇಲರ್ ಅಂಗಡಿಯ ಮುಂದೆ ಹಾದು ಹೋಗುವಾಗ, ಕಾಲಿನ ಹತ್ತಿರ ಒಂದು ನಾಯಿ ಮಲಗಿದ್ದು, ಮೀಸೆಯ ಗಂಡಸೊಬ್ಬ ಕನ್ನಡಕ ಮೂಗಿಗಿಳಿಸಿ ರವಿಕೆಗೆ ಹುಕ್ಕು ಹಚ್ಚುತ್ತಿರುವುದು ಕಂಡರೆ ದಯವಿಟ್ಟು ಮಾತಾಡಿಸಬೇಡಿ. ಹೋದ ವಾರ ಎರಡು ಹುಕ್ಕು ಉಲ್ಟಾ ಹಚ್ಚಿ ಬೈಸಿಕೊಂಡಿದ್ದೇನೆ.