ಮೊಮ್ಮಗನ ಬಿಲ್ಲಿಗೆ ಹರಳು ಕಡ್ಡಿ

ಅಂದಿನ ರಾದ್ಧಾಂತಕ್ಕೆಲ್ಲ ಮೂಲ ಗೇಣುದ್ದದ ಒಂದು ಬಿಲ್ಲು. ಅದೂ ಬೆಳಿಗ್ಗೆ ಹೊತ್ತಿಗೆ ಇನ್ನೂ ಮಾಡಿಯೇ ಇರದ ಬಿಲ್ಲು.

ರಾಜಗೋಪಾಲ ಮೈಸೂರಿನವನು. ಸ್ವೀಡನ್ನಿನ ಉಪ್ಸಾಲಾದ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಹೆಂಡತಿ ಪಾವನಾ ಕೊಡಗಿನವಳು. ಗಂಡು ಮಗು ಹುಟ್ಟಿದ ಸುದ್ದಿ ಕೇಳಿ ಮಾವ ಚೆಂಗಪ್ಪನವರು ಮಡಿಕೇರಿಯಿಂದ ಬಂದಿಳಿದಿದ್ದರು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತರಾದದ್ದು ಕೆಲಸದಿಂದ ಮಾತ್ರ, ಸಂಶಯದಿಂದಲ್ಲ. ವಿಮಾನ ನಿಲ್ದಾಣದಲ್ಲಿ ಅಳಿಯ ಕಾಲಿಗೆ ಬಿದ್ದಾಗಲೂ, ಇವನು ಅಲ್ಲಿ ನೆಲದ ಮೇಲೆ ಏನು ಹುಡುಕುತ್ತಿದ್ದಾನೆ ಎಂಬಂತೆ ನೋಡಿದ್ದರು.

ಸ್ವೀಡನ್ ಅವರಿಗೆ ಹಿಡಿಸಲಿಲ್ಲ. ಮನೆಯೆದುರಿನ ಬೇಕರಿಯ ಹೊರಗೆ ತಳ್ಳುಗಾಡಿಗಳಲ್ಲಿ ಹಸುಗೂಸುಗಳು ಮಲಗಿದ್ದವು, ಅಮ್ಮಂದಿರು ಒಳಗೆ ಕೂತು ಕಾಫಿ ಕುಡಿಯುತ್ತಿದ್ದರು. ಚೆಂಗಪ್ಪನವರು ಕಾಫಿ ಮುಗಿಯುವವರೆಗೂ ಆ ಗಾಡಿಗಳಿಗೆ ತಾವೇ ಕಾವಲು ನಿಂತರು. ಅಷ್ಟು ಹೊತ್ತಿನಲ್ಲಿ ಒಬ್ಬರಾದರೂ ಬಂದು, ನೀನು ಯಾರಯ್ಯಾ, ಇಲ್ಲೇಕೆ ನಿಂತಿದ್ದೀಯ ಎಂದು ಕೇಳಲಿಲ್ಲ. ಅದೇ ಅವರನ್ನು ಕಂಗೆಡಿಸಿದ್ದು. ಒಬ್ಬರನ್ನೊಬ್ಬರು ಅನುಮಾನಿಸದ ಜನರ ನಡುವೆ ತಮ್ಮ ಮೊಮ್ಮಗ ಬೆಳೆಯಕೂಡದು ಎಂದು ಅಂದೇ ತೀರ್ಮಾನಿಸಿ, ಮಗಳನ್ನೂ ಮಗುವನ್ನೂ ಮಡಿಕೇರಿಗೆ ಕರೆದೊಯ್ಯಲು ಟಿಕೆಟ್ ತಂದಿಟ್ಟುಕೊಂಡರು. ಮಗು ಶಾಲೆಗೆ ಸೇರುವ ವಯಸ್ಸಿನವರೆಗೂ ಅಲ್ಲೇ ಇರಬೇಕಂತೆ.

ಪಾವನಾ ಮದುವೆಯ ವಿಷಯದಲ್ಲಿ ಒಮ್ಮೆ ಅಪ್ಪನ ಮಾತು ಮೀರಿದ್ದಳು. ಎರಡನೆಯ ಸಲಕ್ಕೆ ಅವಳಲ್ಲಿ ಧೈರ್ಯ ಉಳಿದಿರಲಿಲ್ಲ. ರಾಜಗೋಪಾಲ ಗೋಗರೆದ, ವಾದಿಸಿದ, ಒಮ್ಮೆ ಅತ್ತೂಬಿಟ್ಟ. ಕೊನೆಗೆ ಆ ಬೆಳಿಗ್ಗೆ ಮಾವ ಸ್ವಲ್ಪ ಸಡಿಲಿದರು. ಅವರ ಕಡೆ ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಅದರ ಕೈಗಿಡುವುದು ಪದ್ಧತಿ.

"ಇವತ್ತು ದಿನ ಚೆನ್ನಾಗಿದೆ. ಸಂಜೆ ಒಳಗೆ ಹರಳು ಕಡ್ಡಿ ತನ್ನಿ. ಶಾಸ್ತ್ರ ಇಲ್ಲೇ ಮಾಡಿ ನಾನೊಬ್ನೇ ವಾಪಸ್ ಹೋಗ್ತೀನಿ. ಸಿಗಲಿಲ್ಲ ಅಂದ್ರೆ ಮೂರು ಜನಾನೂ ಹೋಗ್ತೀವಿ," ಎಂದರು.

ಹರಳೆಣ್ಣೆಯ ಗಿಡ ಈ ಚಳಿದೇಶದಲ್ಲಿ ಎಲ್ಲಿಂದ ಬರಬೇಕು? ರಾಜಗೋಪಾಲ ತಲೆ ಕೆರೆದುಕೊಳ್ಳುತ್ತ ಕೆಳಗಿನ ಮನೆಯ ಇಗ್ನೇಷಿಯಸ್ ಹತ್ತಿರ ಹೋದ. ಮಂಗಳೂರಿನ ಇಗ್ನೇಷಿಯಸ್‌ಗೆ ಬೇರೆಯವರ ಕಷ್ಟವೆಂದರೆ ಬಲು ಪ್ರೀತಿ.

"ಅದಕ್ಕೆಂತ ತಲೆಬಿಸಿ ಮಾರಾಯ್ರೆ? ಸಿಪ್ಪೆ ತೆಗೆದ್ರೆ ಎಲ್ಲ ಕಡ್ಡಿಯೂ ಒಂದೇ," ಎಂದು ಅವನು ಬಟ್ಟೆ ಒಗೆಯುವ ಕೋಣೆಯ ಹಿಂದಿನ ಪೊದೆಯಿಂದ ಒಂದು ಕೊಂಬೆ ಕತ್ತರಿಸಿ, ನೀಟಾಗಿ ಸಿಪ್ಪೆ ಕೆತ್ತಿ ಕೊಟ್ಟ.

ಚೆಂಗಪ್ಪನವರು ಆ ಕಡ್ಡಿಯನ್ನು ಮೂಸಿದರು, ಬಗ್ಗಿಸಿದರು, ಚಾಕು ತೆಗೆದು ನಡುವೆ ಕೊಯ್ದರು. ಹರಳು ಕಡ್ಡಿಯ ಒಳಗೆ ಟೊಳ್ಳಿರುತ್ತದೆ, ಇದು ಗಟ್ಟಿ. ಈ ಉಪಾಯ ಯಾರದ್ದು ಎಂದು ಕೇಳಿದರು. ರಾಜಗೋಪಾಲ ಒಂದೇ ಉಸಿರಿಗೆ ಇಗ್ನೇಷಿಯಸ್‌ನ ಹೆಸರು ಹೇಳಿಬಿಟ್ಟ. ಮಾವ ಆಮೇಲೆ ಪಾಠ ಮಾಡಿದರು: ಕಡ್ಡಿ ಕಿರುಬೆರಳಿನ ದಪ್ಪವಿರಬೇಕು. ತೀರ ಎಳೆಯದಾದರೆ ಬಗ್ಗಿಸಿದಲ್ಲೇ ಬಗ್ಗಿ ಉಳಿಯುತ್ತದೆ, ಬಲಿತದ್ದಾದರೆ ಸೀಳುತ್ತದೆ. ಕೈ ಹಿಡಿಯುವ ಜಾಗದಲ್ಲಿ ಗಿಣ್ಣು ಇರಬಾರದು. ಬಾಣಕ್ಕೆ ಅದೇ ಗಿಡದ ಎಲೆಯ ತೊಟ್ಟು ಬೇಕು.

ದಾರಿ ತೋರಿಸಿದವಳು ಇಗ್ನೇಷಿಯಸ್‌ನ ಹೆಂಡತಿ ಮಾರ್ಗರೆಟ್. ರೈಲು ಹಳಿಯ ಆಚೆ, ಊರಿನವರು ತುಂಡು ಜಾಗ ಬಾಡಿಗೆಗೆ ಹಿಡಿದು ಹೂವು ತರಕಾರಿ ಬೆಳೆಯುವ ತೋಟಗಳಲ್ಲಿ ಒಂದು ಕಡೆ ಆ ಗಿಡ ಕಂಡ ನೆನಪು ಅವಳಿಗಿತ್ತು. ರಾಜಗೋಪಾಲ ಸೈಕಲ್ ಹತ್ತಿದವನು ಉಸಿರು ಬಿಟ್ಟದ್ದು ಅಲ್ಲೇ. ಡೇಲಿಯಾ ಹೂವುಗಳ ನಡುವೆ ಆಳೆತ್ತರದ ಎರಡು ಹರಳು ಗಿಡ, ಕೆಂಪು ದಂಟು, ಅಂಗೈ ಬಿಚ್ಚಿದಂಥ ಎಲೆ. ನಮ್ಮೂರಲ್ಲಿ ತಿಪ್ಪೆಯ ಪಕ್ಕ ಬೆಳೆಯುವ ಗಿಡಕ್ಕೆ ಇಲ್ಲಿ ಅಂದಕ್ಕೆಂದು ಇಂಥ ಉಪಚಾರ. ಪಕ್ಕದಲ್ಲಿ ಮಂಡಿಯೂರಿ ಕಳೆ ಕೀಳುತ್ತಿದ್ದ ಮುದುಕಿ ಗುನಿಲ್ಲಾ ನಗುನಗುತ್ತಲೇ ಮಾತಾಡಿಸಿದಳು, ಒಂದು ಕಡ್ಡಿ ತಾನೇ, ಧಾರಾಳವಾಗಿ ಕೊಡುತ್ತೇನೆ ಎಂದಳು. ಯಾವ ಗಿಡದ್ದು ಎಂದು ಇವನು ಬೆರಳು ತೋರಿಸಿದಾಗ ಮಾತ್ರ ಎದ್ದು ನಿಂತಳು.

ಹರಳು ಬೀಜದಿಂದ ಕೊಲ್ಲುವ ವಿಷ ಮಾಡುತ್ತಾರೆಂಬ ಸುದ್ದಿ ಆ ವರ್ಷ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ರಾಜಗೋಪಾಲ ಪ್ರಯೋಗಾಲಯ, ಮಗು, ಮಾವ ಎಂದು ಮುಳುಗಿದ್ದವನು, ಅದನ್ನು ಓದಿರಲಿಲ್ಲ. ಈ ಗಿಡದ ಬಗ್ಗೆ ನಿನಗೆ ಗೊತ್ತೇ ಎಂದು ಅವಳು ಮೆಲ್ಲಗೆ ಕೇಳಿದಳು. ನಂಬಿಕೆ ಹುಟ್ಟಿಸಬೇಕೆಂಬ ಹುಮ್ಮಸ್ಸಿನಲ್ಲಿ ಇವನು, ಚೆನ್ನಾಗಿ ಗೊತ್ತು, ಬೀಜ ಅರೆದು ಕಾಯಿಸಿ ಎಣ್ಣೆ ತೆಗೆಯುತ್ತೇವೆ, ನಮ್ಮಲ್ಲಿ ಮಕ್ಕಳಿಗೆ ಬಲವಂತವಾಗಿ ಬಾಯಿಗೆ ಹಾಕುತ್ತಿದ್ದರು ಎಂದ. ಕೆಲಸ ಎಲ್ಲಿ ಎಂದಳು. ಪ್ರಯೋಗಾಲಯದಲ್ಲಿ ಎಂದ. ಈಗ ಇದು ಯಾತಕ್ಕೆ ಎಂದಳು. ಬಿಲ್ಲಿಗೆ ಸ್ವೀಡಿಷ್ ಪದ ಹೊಳೆಯದೆ, ಒಂದು ಪುಟ್ಟ ಆಯುಧ ಮಾಡಬೇಕು, ಸಂಜೆಯೊಳಗೆ ಮಾಡದಿದ್ದರೆ ಮಾವ ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಗುನಿಲ್ಲಾ ಇನ್ನಷ್ಟು ಅಗಲವಾಗಿ ನಕ್ಕು, ಕೂತಿರು, ಫೀಕಾ ಮಾಡೋಣ, ಹರಟುತ್ತ ಕುಡಿಯಲು ಕಾಫಿ ತರುತ್ತೇನೆ ಎಂದು ತೋಟದ ಗುಡಿಸಲಿನ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಎಂಥ ಒಳ್ಳೆಯ ಜನ ಎಂದುಕೊಂಡ ರಾಜಗೋಪಾಲ. ಕಾಫಿ ಬರುವಷ್ಟರಲ್ಲಿ ಗಿಡದ ಸುತ್ತ ಸುತ್ತಿ, ಒಂದೊಂದೇ ಕೊಂಬೆ ಹಿಡಿದು ಬಗ್ಗಿಸಿ ನೋಡಿದ. ಒಂದು ಎಳೆಯದು, ಒಂದು ಬಲಿತದ್ದು, ಇನ್ನೊಂದಕ್ಕೆ ನಡುಮಧ್ಯೆ ಗಿಣ್ಣು. ಕೊನೆಗೆ ಬೇಕಾದಂಥದ್ದೇ ಸಿಕ್ಕಿತು. ಸಂತೋಷದಿಂದ ಅದನ್ನು ಎಲೆಯ ಸಮೇತ ಮುರಿದು, ಕೈಯಲ್ಲಿ ಹಿಡಿದು ತಿರುಗಿದರೆ ಗೇಟಿನಲ್ಲಿ ಇಬ್ಬರು ಪೊಲೀಸರು.

ಅವರು ಮೊದಲು ಅವನ ಪರ್ಸನ್‌ನುಮ್ಮರ್, ಅಂದರೆ ಅಲ್ಲಿನ ಗುರುತಿನ ಸಂಖ್ಯೆ, ಕೇಳಿ ಬರೆದುಕೊಂಡರು. ರಾಜಗೋಪಾಲ ತೊದಲುತ್ತ, ಮಣ್ಣಿನಲ್ಲಿ ಬಿಲ್ಲಿನ ಚಿತ್ರ ಬರೆದು ಎಲ್ಲವನ್ನೂ ವಿವರಿಸಿದ. ಪೊಲೀಸಿನ ಹುಡುಗಿ ಸಾವಧಾನದಿಂದ ಕೇಳಿ, ಇದು ನಿಜವೆಂದು ಹೇಳುವವರು ಯಾರಾದರೂ ಇದ್ದಾರೆಯೇ ಎಂದಳು. ಇದ್ದಾರೆ, ನಮ್ಮ ಮಾವ ಎಂದವನು ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ಅವನನ್ನೂ ಕಡ್ಡಿಯನ್ನೂ ಕಾರಿನಲ್ಲಿ ಕೂರಿಸಿದರು. ಮಗು ನಿಜವಾಗಿಯೂ ಇದೆಯೇ ಎಂದು ಕಣ್ಣಾರೆ ನೋಡಬೇಕೆಂದು ಗುನಿಲ್ಲಾ ಕೂಡ ಹತ್ತಿದಳು.

ಪೊಲೀಸ್ ಕಾರು ಬಂದು ನಿಂತಾಗ ಬಾಲ್ಕನಿಯಲ್ಲಿದ್ದ ಇಗ್ನೇಷಿಯಸ್, ಇವನ ಪರಿಚಯವೇ ಇಲ್ಲದವನ ಹಾಗೆ ಒಳಗೆ ಸರಿದ. ಬಾಗಿಲು ತೆರೆದವರು ಚೆಂಗಪ್ಪನವರೇ. ಎರಡೂ ಕಡೆ ಪೊಲೀಸರು, ನಡುವೆ ಅಳಿಯ. ಪಾವನಾ ಮಗುವನ್ನು ಎದೆಗವಚಿಕೊಂಡು, "ಏನ್ರೀ ಇದು?" ಎಂದಳು. ಅವಳ ಮುಖ ಬಿಳಿಚಿತ್ತು.

"ಕಡ್ಡಿ ಸಿಕ್ತು," ಎಂದ ರಾಜಗೋಪಾಲ. ಇನ್ನು ಮೂವರೂ ವಿಮಾನ ಹತ್ತುವುದೊಂದೇ ಬಾಕಿ ಎಂದು ಕಣ್ಣು ತುಂಬಿ ಬಂತು.

ಚೆಂಗಪ್ಪನವರು ಅವನ ಕಡೆ ನೋಡಲಿಲ್ಲ. ಪೊಲೀಸರನ್ನು ಒಳಗೆ ಕೂರಿಸಿ ಇಂಗ್ಲಿಷಿನಲ್ಲಿ ವಿಚಾರಣೆ ಶುರು ಮಾಡಿದರು. ದೂರು ಕೊಟ್ಟವರು ಯಾರು, ಎಷ್ಟು ಹೊತ್ತಿನಲ್ಲಿ ಬಂದಿರಿ, ಜೇಬು ಶೋಧಿಸಿದಿರಾ. ಗುನಿಲ್ಲಾಳನ್ನು ಬೇರೆಯಾಗಿ ಕೇಳಿದರು, ಇವನ ಮೇಲೆ ಮೊದಲು ಅನುಮಾನ ಬಂದದ್ದು ಯಾವಾಗ ಎಂದು. ಸೈಕಲ್ಲಿಂದ ಇಳಿದಾಗಲೇ ಎಂದಳು ಗುನಿಲ್ಲಾ. ನನಗೂ ಹಾಗೆಯೇ, ವಿಮಾನ ನಿಲ್ದಾಣದಲ್ಲೇ ಎಂದರು ಚೆಂಗಪ್ಪನವರು. ಇಬ್ಬರೂ ಬಹುಕಾಲದ ಸ್ನೇಹಿತರಂತೆ ತಲೆದೂಗಿದರು.

ಆಮೇಲೆ ಇದು ತಮ್ಮ ಮನೆಯ ಪದ್ಧತಿಯೇ ಹೌದು ಎಂದು ಸಾಕ್ಷಿ ಹೇಳಿ, ಎಲ್ಲರೆದುರಿಗೆ ನೆಲದ ಮೇಲೆ ಕೂತು ಕಡ್ಡಿ ಕೈಗೆತ್ತಿಕೊಂಡರು. ಬಗ್ಗಿಸಿದರು, ತುದಿ ಕೊಯ್ದರು, ಟೊಳ್ಳು ನೋಡಿದರು. ಈ ಸಲ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಎರಡು ತುದಿಗೆ ಕಚ್ಚು ಹಾಕಿ ದಾರ ಬಿಗಿದು, ಎಲೆಯ ತೊಟ್ಟನ್ನು ಬಾಣ ಮಾಡಿದರು. ಬೀಜ ಇಲ್ಲವೆಂದು ಪೊಲೀಸಿನ ಹುಡುಗಿ ಖಾತ್ರಿ ಮಾಡಿಕೊಂಡ ಮೇಲೆ ಬಿಲ್ಲು ಮಗುವಿನ ಕೈಗೆ ಬಂತು. ಮಗು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ರಾಜಗೋಪಾಲನಿಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು.

ಬಂದವರು ಹೋದ ಮೇಲೆ ಚೆಂಗಪ್ಪನವರು ಟಿಕೆಟ್‌ಗಳನ್ನು ತಂದು ಟೀಪಾಯಿಯ ಮೇಲೆ ಹರಿದು ಹಾಕಿದರು. ಪಾವನಾಳದ್ದು, ಮಗುವಿನದ್ದು, ಮತ್ತೆ ಇನ್ನೊಂದು.

"ಮಾವ, ಅದು ನಿಮ್ದು," ಎಂದ ರಾಜಗೋಪಾಲ.

"ಗೊತ್ತು. ಈ ದೇಶದ ಬಗ್ಗೆ ನಾನು ತಪ್ಪು ತಿಳ್ಕೊಂಡಿದ್ದೆ. ಒಂದು ಕಡ್ಡಿ ಮುಟ್ಟಿದ್ರೆ ಮುದುಕಿ ಅನುಮಾನ ಪಡ್ತಾಳೆ, ಕಾಫಿ ಕುದಿಯೋದ್ರೊಳಗೆ ಪೊಲೀಸ್ ಬರುತ್ತೆ. ಇಂಥಾ ಊರು ಬಿಟ್ಟು ನಾನ್ಯಾಕೆ ಹೋಗ್ಲಿ? ವೀಸಾ ಮುಂದುವರಿಸೋದು ಎಲ್ಲಿ ಅಂತ ನಾಳೆ ವಿಚಾರಿಸಿ. ಮೊಮ್ಮಗ ಸ್ಕೂಲಿಗೆ ಸೇರೋವರೆಗೂ ಇಲ್ಲೇ ಇರ್ತೀನಿ."

ಪಾವನಾ ಮಗುವನ್ನು ಮಲಗಿಸುವ ನೆಪದಲ್ಲಿ ಒಳಗೆ ಹೋದಳು. ಚೆಂಗಪ್ಪನವರು ದೀಪದ ಹತ್ತಿರ ಒಂದು ಕುರ್ಚಿ ಎಳೆದು ಹಾಕಿ, ಅಳಿಯನಿಗೆ ಅದನ್ನು ತೋರಿಸಿದರು.

"ಒಂದು ಕಡ್ಡಿ ಆರಿಸೋದಕ್ಕೆ ಇಡೀ ಮಧ್ಯಾಹ್ನ ಯಾಕೆ ಹಿಡೀತು? ಕೂತ್ಕೊಳ್ಳಿ. ಮೊದಲಿಂದ ಹೇಳಿ."