ಮೇಧಾಳ ಬುದ್ಧಿಹಲ್ಲು ಮತ್ತು ಏಳನೇ ಕಾಲಂ

ಗೆ,
ಶ್ರೀಮಾನ್ ಏಳನೇ ಕಾಲಂ ಅವರು,
ಪುಟ ಎರಡು, ಕಾನೂನುಬದ್ಧ ಪಾಲಕರ ನೇಮಕಾತಿ ಕೋರುವ ಅರ್ಜಿ ನಮೂನೆ,
ಮೊಕ್ಕಾಂ: ಶಿವಮೊಗ್ಗದ ಒಂದು ಕಚೇರಿಯ ಮಹಡಿ ಮೇಲಿನ ಬೀರು.

ಮಾನ್ಯರೇ,

ಆರನೆಯ ಮತ್ತು ಎಂಟನೆಯ ಕಾಲಂಗಳ ನಡುವೆ ಒಂದೇ ಒಂದು ಪದ ಮತ್ತು ಒಂದೇ ಒಂದು ಚುಕ್ಕೆಗೆರೆಯನ್ನು ಇಟ್ಟುಕೊಂಡು, ಯಾರ ತಂಟೆಗೂ ಹೋಗದೆ ಸುಖವಾಗಿರುವ ತಮಗೆ ಭದ್ರಾವತಿಯ ಕಾಗದನಗರದಿಂದ ಜನಾರ್ದನನು ಮಾಡುವ ನಮಸ್ಕಾರಗಳು. ಮೂವತ್ತೊಂದು ವರ್ಷ ಕಾಗದದ ಕಾರ್ಖಾನೆಯಲ್ಲಿ ಹಾಳೆಗಳ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ಸುಕ್ಕು, ತೂತು, ಕಲೆ ಯಾವುದೂ ನನ್ನ ಕೈ ದಾಟಿ ಹೋಗುತ್ತಿರಲಿಲ್ಲ. ಅಂಥ ನಾನು, ನಿವೃತ್ತನಾಗಿ ಕನ್ನಡಕವನ್ನೂ ಹೊಸದು ಮಾಡಿಸಿಕೊಂಡ ಮೇಲೆ, ತಮ್ಮ ಒಂದು ಪದದ ಮೇಲೆ ಎಡವಿ ಬಿದ್ದ ಕಥೆಯನ್ನು ಬಹಿರಂಗವಾಗಿಯೇ ನಿವೇದಿಸಿಕೊಳ್ಳುತ್ತಿದ್ದೇನೆ. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ತಾವು ಉತ್ತರಿಸಲಿಲ್ಲ.

ಮೊದಲು ಹಲ್ಲಿನ ವಿಷಯ. ನಮ್ಮ ಮಗಳು ಮೇಧಾಳಿಗೆ ಇಪ್ಪತ್ತನಾಲ್ಕು ವರ್ಷ. ಬುದ್ಧಿವಂತೆಯಾಗಲಿ ಎಂದು ನಾನೂ ನನ್ನ ಹೆಂಡತಿ ಪ್ರೇಮಳೂ ಆಸೆಪಟ್ಟು ಇಟ್ಟ ಹೆಸರು ಅದು. ಅವಳ ಬುದ್ಧಿಯ ಬೆಳವಣಿಗೆ ವಯಸ್ಸಿಗೆ ತಕ್ಕಂತಿಲ್ಲ ಎಂದು ಡಾಕ್ಟರು ಆಮೇಲೆ ಬರೆದುಕೊಟ್ಟರು, ನಾವು ಹೆಸರು ಬದಲಿಸಲಿಲ್ಲ. ಅವಳು ದಿನಾ ಒಂದು ಕೇಂದ್ರಕ್ಕೆ ಹೋಗಿ ಔಷಧಿ ಅಂಗಡಿಗಳಿಗೆ ಕಾಗದದ ಕವರು ಮಡಿಸುತ್ತಾಳೆ, ಹಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿ ದಪ್ಪವೋ ತೆಳುವೋ ಎಂದು ನನಗಿಂತ ಬೇಗ ಹೇಳುತ್ತಾಳೆ, ಮತ್ತು ನಿಪ್ಪಟ್ಟು ಕಂಡರೆ ಯಾರ ಮಾತನ್ನೂ ಕೇಳುವುದಿಲ್ಲ. ಈ ನಿಪ್ಪಟ್ಟು ಎರಡು ತಿಂಗಳ ಹಿಂದೆ ನಿಂತುಹೋಯಿತು. ಕೆನ್ನೆ ಊದಿಕೊಂಡಿತು, ಲವಂಗ ಒತ್ತಿದರೂ ಅಳು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದು ನೋಡಿದರೆ ಬುದ್ಧಿಹಲ್ಲು ಅಡ್ಡಡ್ಡಲಾಗಿ ಮಲಗಿದೆ. ಅರಿವಳಿಕೆ ಕೊಟ್ಟೇ ಕೀಳಬೇಕು ಎಂದ ಡಾಕ್ಟರು, ನಾನು ಸಹಿ ಹಾಕಲು ಪೆನ್ನು ತೆಗೆದಾಗ ಬಹಳ ಬೇಸರದಿಂದಲೇ ತಡೆದರು. "ಹದಿನೆಂಟು ದಾಟಿದೆ ಸಾರ್. ಅವ್ರೇ ಸೈನ್ ಮಾಡ್ಬೇಕು, ಇಲ್ಲಾಂದ್ರೆ ಲೀಗಲ್ ಗಾರ್ಡಿಯನ್ ಮಾಡ್ಬೇಕು. ನೀವು ಬರೀ ತಂದೆ."

ಬರೀ ತಂದೆ! ಇಪ್ಪತ್ತನಾಲ್ಕು ವರ್ಷದಿಂದ ಅವಳ ತಲೆ ಬಾಚುತ್ತಾ, ಚಪ್ಪಲಿ ಅದಲುಬದಲಾದರೆ ಸರಿಮಾಡುತ್ತಾ ಬಂದ ನನ್ನ ಹುದ್ದೆ ಆರು ವರ್ಷದ ಹಿಂದೆಯೇ, ಅವಳ ಹದಿನೆಂಟನೇ ಹುಟ್ಟುಹಬ್ಬದ ದಿನ ನಾವು ಕೇಸರಿಬಾತು ತಿನ್ನುತ್ತಿದ್ದಾಗಲೇ, ರದ್ದಾಗಿತ್ತಂತೆ. ಕಾನೂನಿನ ಪ್ರಕಾರ ವಯಸ್ಕರಿಗೆ ತಂದೆತಾಯಿ ತಾವಾಗಿಯೇ ಪಾಲಕರಲ್ಲ, ಅರ್ಜಿ ಹಾಕಿ ನೇಮಕವಾಗಬೇಕು. ಹೀಗೆ ಬುದ್ಧಿಹಲ್ಲು ಕೀಳಿಸಬೇಕಾದರೆ ಮೊದಲು ಬುದ್ಧಿ ಇಲ್ಲವೆಂಬ ಕಾಗದ ತರಬೇಕು ಎಂಬ ಸೊಗಸಾದ ಏರ್ಪಾಟಿಗೆ ತಲೆಬಾಗಿ, ನಾನು ತಾವಿರುವ ನಮೂನೆಯನ್ನು ತಂದೆ.

ಮಾನ್ಯರೇ, ತಮ್ಮ ಮಿತಭಾಷಿತ್ವವನ್ನು ಎಷ್ಟು ಹೊಗಳಿದರೂ ಸಾಲದು. ಆರನೇ ಕಾಲಂ ಅರ್ಜಿದಾರನ ವಿಳಾಸವನ್ನು ಮೂರು ಸಾಲುಗಳಲ್ಲಿ ಕೇಳುತ್ತದೆ. ತಾವು ಮಾತ್ರ "ವಾರ್ಡ್" ಎಂದಷ್ಟೇ ಹೇಳಿ ಸುಮ್ಮನಾಗುತ್ತೀರಿ. ಕಾನೂನಿನ ಇಂಗ್ಲಿಷಿನಲ್ಲಿ ಪಾಲಕನ ವಶದಲ್ಲಿರುವ ವ್ಯಕ್ತಿಗೆ ವಾರ್ಡ್ ಎನ್ನುತ್ತಾರೆಂಬುದು ತಮಗೂ ವಕೀಲರಿಗೂ ಗೊತ್ತು. ಭದ್ರಾವತಿಯಲ್ಲಿ ವಾರ್ಡ್ ಎಂದರೆ ಕೌನ್ಸಿಲರು ಓಟು ಕೇಳಲು ಬರುವ ಜಾಗ. ವಿಳಾಸದ ಕೆಳಗೇ ತಾವು ಕುಳಿತಿದ್ದುದರಿಂದ, ನಾನು ಮುತ್ತಿನಂಥ ಅಕ್ಷರದಲ್ಲಿ "ಹದಿನೇಳು" ಎಂದು ತುಂಬಿದೆ. ತಪ್ಪು ನನ್ನದೇ. ಆದರೆ ಆ ಫೈಲು ಮೂರು ಮೇಜು ದಾಟಿ ಶಿವಮೊಗ್ಗ ತಲುಪುವವರೆಗೆ, ಜನಾರ್ದನ ಎಂಬಾತ ಹದಿನೇಳು ಎಂಬುವವರಿಗೆ ಪಾಲಕನಾಗಲು ಏಕೆ ಒದ್ದಾಡುತ್ತಿದ್ದಾನೆಂದು ಒಬ್ಬರೂ ಕೇಳಲಿಲ್ಲವಲ್ಲ, ಆ ಶಿಸ್ತನ್ನು ಕಂಡು ನನಗೆ ರೋಮಾಂಚನವಾಗಿದೆ.

ಫೈಲು ತಲುಪಿದ ಮುಂದಿನ ಮಂಗಳವಾರ ಬೆಳಿಗ್ಗೆ ಕಚೇರಿಯಿಂದ ಒಬ್ಬ ಮೇಡಂ ಫೋನು ಮಾಡಿ, "ನಿಮ್ ವಾರ್ಡ್ ಬಗ್ಗೆ ವಿಚಾರಣೆ ಸಾರ್, ಈಗ ಹೆಂಗಿದೆ ಪರಿಸ್ಥಿತಿ?" ಎಂದರು. ಚರಂಡಿಯ ವಿಷಯವಾಗಿ ಹಿಂದಿನ ವಾರವಷ್ಟೇ ನಾನು ದೂರು ಬರೆದಿದ್ದೆ. ಇಷ್ಟು ಬೇಗ ಸ್ಪಂದನೆಯೇ ಎಂದು ಕಣ್ಣು ತುಂಬಿ ಬಂದು, "ಏನ್ ಹೇಳ್ಲಿ ಮೇಡಂ, ಕ್ಲೀನ್ ಮಾಡಿ ಮೂರು ತಿಂಗಳಾಯ್ತು, ಹತ್ರ ಹೋಗಕ್ಕಾಗಲ್ಲ, ವಾಸನೆ" ಎಂದೆ. ಆ ಕಡೆ ಪೆನ್ನು ಗೀಚುವ ಸದ್ದಾಯಿತು. ಆಮೇಲೆ, "ನೀವೇ ಕ್ಲೀನ್ ಮಾಡ್ಬೋದಲ್ವಾ ಸಾರ್?" ಎಂದರು. ನನಗೆ ಸಿಟ್ಟು ಬಂತು. "ನಾನ್ಯಾಕ್ರೀ ಮಾಡ್ಲಿ? ಅದಕ್ಕೆ ಅಂತ ಜನ ಇದಾರೆ, ಅವ್ರು ಬಂದ್ ಮಾಡ್ಲಿ!" ಮೇಡಂ ಧ್ವನಿ ಸಣ್ಣಗಾಯಿತು. "ಊಟ ತಿಂಡಿ...?" "ಅದಕ್ಕೇನ್ ಮೇಡಂ ಕಮ್ಮಿ, ಬೀದಿಗೆ ಸುರಿದಿದ್ದನ್ನ ನಾಯಿ ಹಂದಿ ಜೊತೆ ಹಂಚ್ಕೋಬೇಕು ಅಷ್ಟೇ" ಎಂದು ನಾನು ಹಾಸ್ಯಕ್ಕೆಂದು ಹೇಳಿದ್ದನ್ನು ಅವರು ಬರೆದುಕೊಂಡಿದ್ದಾರೆ. ಅಕ್ಷರ ಬಿಡದೆ ಬರೆದುಕೊಂಡಿದ್ದಾರೆ.

ಎಂಟು ದಿನಕ್ಕೆ ನೋಟಿಸು ಬಂತು. "ಅರ್ಜಿದಾರರು ತಮ್ಮ ವಾರ್ಡ್ ಬಗ್ಗೆ ತೀವ್ರ ನಿರ್ಲಕ್ಷ್ಯ ವಹಿಸಿರುವುದು ವಿಚಾರಣೆಯಲ್ಲಿ ಕಂಡುಬಂದಿದ್ದು, ಸದರಿ ವಾರ್ಡನ್ನು ಸೂಕ್ತ ಸಂಸ್ಥೆಯ ಸುಪರ್ದಿಗೆ ಏಕೆ ಒಪ್ಪಿಸಬಾರದು" ಎಂಬುದಕ್ಕೆ ಹದಿನೈದು ದಿನದಲ್ಲಿ ಉತ್ತರಿಸಬೇಕಂತೆ. ಅರ್ಜಿದಾರರು ಎಂಬುದನ್ನು ಅಚ್ಚಿನ ತಪ್ಪೆಂದುಕೊಂಡು, ಚರಂಡಿಗೆ ಕೊನೆಗೂ ಗತಿ ಬಂತೆಂದು ನಾನು ಬೀದಿಯಲ್ಲೇ ನಿಂತು ನೆರೆಯವರಿಗೆಲ್ಲ ಗಟ್ಟಿಯಾಗಿ ಓದಿದೆ. ಎದುರು ಮನೆಯ ಗಂಗಾಧರಪ್ಪನಂತೂ, "ಒಪ್ಪಿಸಲಿ ಬಿಡು ಮಾರಾಯ, ಯಾವ್ ಸಂಸ್ಥೆನಾದ್ರೂ ಆಗ್ಲಿ, ಈ ಕೌನ್ಸಿಲರಿಗಿಂತ ಚೆನ್ನಾಗ್ ನೋಡ್ಕೊಳ್ಳುತ್ತೆ" ಎಂದು ಒಳಗೆ ಹೋಗಿ ಎಲ್ಲರಿಗೂ ಕಾಫಿ ಹೇಳಿದ. ಅರ್ಧ ಲೋಟ ಕಾಫಿ ಕುಡಿಯುವಷ್ಟರಲ್ಲಿ ಪ್ರೇಮ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಕೊನೆಯ ಸಾಲು ಓದಿದಳು. "ಆಕೆಯ ಹಿತದೃಷ್ಟಿಯಿಂದ" ಎಂದಿತ್ತು. ಚರಂಡಿಗೆ ಯಾರೂ ಆಕೆ ಎನ್ನುವುದಿಲ್ಲ.

ಇಲ್ಲಿ ನಾನು ಹಾಸ್ಯ ಬಿಟ್ಟು ಒಂದು ಮಾತು ಹೇಳುತ್ತೇನೆ. ನನಗೆ ಭಯವಾಯಿತು. ಕಾರ್ಖಾನೆಯಲ್ಲಿ ಬೆರಳು ರೋಲರಿಗೆ ಸಿಕ್ಕಾಗಲೂ ಹಾಗೆ ಆಗಿರಲಿಲ್ಲ. ಮೇಧಾ ಮಾತ್ರ ಆ ನೋಟಿಸನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, "ತೆಳು" ಎಂದು ವಾಪಸು ಕೊಟ್ಟು, ಊದಿದ ಕೆನ್ನೆಯನ್ನು ಅಮ್ಮನ ಹೆಗಲಿಗೆ ಒತ್ತಿಕೊಂಡಳು.

ಮರುದಿನ ಮೂವರೂ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ಫೋನು ಮಾಡಿದ್ದ ಮೇಡಂ ಹೆಸರು ಹೇಮಶ್ರೀ. ನಮ್ಮನ್ನು ಕಂಡ ಕೂಡಲೇ ಅವರು ಮೊದಲು ಮೇಧಾಳ ಬಟ್ಟೆ, ಉಗುರು, ಎರಡು ಜಡೆ ಎಲ್ಲವನ್ನೂ ನೋಡಿದರು, ಆಮೇಲೆ ನನ್ನನ್ನು ನೋಡಿದ ನೋಟವನ್ನು ಯಾವ ತಂದೆಗೂ ದೇವರು ಕೊಡದಿರಲಿ. ನಾನು ಚರಂಡಿಯ ದೂರಿನ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಓದಿದರು, ತಮ್ಮ ಟಿಪ್ಪಣಿ ಓದಿದರು, "ನಾಯಿ ಹಂದಿ ಜೊತೆ" ಎಂಬಲ್ಲಿಗೆ ಬಂದಾಗ ಸೆರಗು ಬಾಯಿಗೆ ಹಿಡಿದುಕೊಂಡರು. ಒಳ್ಳೆಯ ಹೆಣ್ಣುಮಗಳು. ಬಿದ್ದು ಬಿದ್ದು ನಕ್ಕು, ಹಾಗೇ ಕಣ್ಣೊರೆಸಿಕೊಂಡು, ಹೊಸ ನಮೂನೆ ತುಂಬಿಸಿ ಪಾಲಕರನ್ನು ನೇಮಿಸುವ ಸಮಿತಿಯ ಗುರುವಾರದ ಸಭೆಗೆ ಇಡುತ್ತೇನೆಂದರು. ತಮ್ಮ ಗೆರೆಯ ಮೇಲೆ ಈ ಸಲ "ಮೇಧಾ" ಎಂದು ಬರೆದೆ. ಅರಿವಳಿಕೆಗೆ ಯಾರು ಒಪ್ಪಿಗೆ ಕೊಡಬೇಕು, ಪಾಲಕನೋ ಸಮಿತಿಯೋ ಆಸ್ಪತ್ರೆಯೋ ಎಂದು ನಾವು ಮೂರು ಜನ ದೊಡ್ಡವರು ಆ ಮೇಜಿನ ಸುತ್ತ ಅರ್ಧ ಗಂಟೆ ಚರ್ಚೆ ಮಾಡಿದೆವು. ಕೊನೆಗೆ ಮೇಧಾಳಿಗೆ ಬೇಜಾರಾಗಿರಬೇಕು. ಮೇಜನ್ನು ಅಂಗೈಯಿಂದ ತಟ್ಟಿ, "ಹಲ್ಲು ನಂದು" ಎಂದಳು. ಮೂವರೂ ಅವಳ ಕಡೆ ತಿರುಗಿದೆವು. "ನೋಯ್ತಿದೆ. ಮಲಗಿಸಿ ಕೀಳ್ತಾರೆ. ಎದ್ದಮೇಲೆ ನಿಪ್ಪಟ್ಟು. ನಾನ್ ಹೂಂ ಅಂದೆ."

ರೋಗ, ಚಿಕಿತ್ಸೆ, ಅರಿವಳಿಕೆ, ಒಪ್ಪಿಗೆ, ಎಲ್ಲವೂ ಅದರಲ್ಲಿತ್ತು. ಆಸ್ಪತ್ರೆಯಲ್ಲಿ ನಾನು ಪೆನ್ನು ಹುಡುಕುತ್ತಿದ್ದಾಗ ಅವಳು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಎರಡು ತಿಂಗಳಲ್ಲಿ ನಾಲ್ಕು ಕಚೇರಿ ಸುತ್ತಿದ ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಅಲ್ಲಿ, ಹೇಮಶ್ರೀ ಮೇಡಂ ಎದುರಿಗೇ, ನನಗೆ ಹೊಳೆಯಿತು. ನಾಚಿಕೆಯಾಯಿತು. ಮೇಡಂ ಆ ಮಾತನ್ನು ಬರೆದುಕೊಳ್ಳಲು ಪೆನ್ನೆತ್ತಿ, ನಮೂನೆಯ ಎರಡೂ ಬದಿ ತಿರುಗಿಸಿ ನೋಡಿ, "ಇದನ್ನ ಬರೆಯಕ್ಕೆ ಜಾಗನೇ ಇಲ್ವಲ್ಲ ಸಾರ್" ಎಂದರು.

ಆದ್ದರಿಂದ ಏಳನೇ ಕಾಲಂ ಅವರಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ತಾವು ದಯವಿಟ್ಟು ಒಂದು ಅಂಗುಲ ಮೇಲಕ್ಕೆ ಸರಿದು ಕೂರಬೇಕು. ಆರನೆಯವರು ಒಪ್ಪದಿದ್ದರೆ ನಾನೇ ಮಾತಾಡುತ್ತೇನೆ. ನಡುವೆ ಉಳಿಯುವ ಜಾಗದಲ್ಲಿ ಒಂದು ಗೆರೆ ಎಳೆದು, ಅದರ ಪಕ್ಕ "ಅವರು ಏನೆನ್ನುತ್ತಾರೆ?" ಎಂದು ಅಚ್ಚು ಹಾಕಿಸಿಕೊಳ್ಳಬೇಕು. ಕಾಗದ ಸಾಲದೆ ಬಂದರೆ ಕಾಗದನಗರದವನನ್ನು ಕೇಳಲು ಸಂಕೋಚ ಬೇಡ. ಗುರುವಾರ ನನ್ನನ್ನು ಪಾಲಕನೆಂದು ನೇಮಿಸಿದರೆ ಸಂತೋಷದಿಂದ ಸಹಿ ಹಾಕುತ್ತೇನೆ, ಆದರೆ ಅವಳು ಹೂಂ ಅಂದ ಮೇಲೆ ಮಾತ್ರ, ಅವಳ ಹೆಸರಿನ ಕೆಳಗೆ. ಅಲ್ಲಿಯವರೆಗೆ ಲವಂಗ ನಡೆಯುತ್ತಿದೆ.

ಒಮ್ಮೆ ತಮ್ಮ ಮೇಲೆ ಎಡವಿದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಜನಾರ್ದನ
(ಸದ್ಯಕ್ಕೆ ಬರೀ ತಂದೆ)

ತಾ.ಕ.: ಹಳೆಯ ನೋಟಿಸನ್ನು ಯಾರೂ ಇನ್ನೂ ರದ್ದು ಮಾಡಿಲ್ಲವಾದ್ದರಿಂದ ಅದಕ್ಕೂ ಉತ್ತರಿಸುವುದು ನನ್ನ ಕರ್ತವ್ಯ. ವಾರ್ಡ್ ಹದಿನೇಳನ್ನು ಸೂಕ್ತ ಸಂಸ್ಥೆಯ ಸುಪರ್ದಿಗೆ ಒಪ್ಪಿಸಲು ನನ್ನದಾಗಲಿ, ಗಂಗಾಧರಪ್ಪನದಾಗಲಿ, ಯಾವುದೇ ಆಕ್ಷೇಪಣೆ ಇರುವುದಿಲ್ಲ. ಮೇಧಾಳನ್ನೂ ಕೇಳಿದೆ. ಮೂಗು ಮುಚ್ಚಿಕೊಂಡು ಹೂಂ ಅಂದಿದ್ದಾಳೆ.