ಅತ್ತೆ ನೋಡಿದ ಸಮುರಾಯ್ ಸಿನಿಮಾಗಳು

ನಮ್ಮತ್ತೆ ಜೊತೆ ಸಿನಿಮಾ ನೋಡಿ ರಗಳೆಯಿಲ್ಲದೆ ಮನೆಗೆ ಬಂದದ್ದೇ ಇಲ್ಲ. ಡಾಟ್‌ಕಾಂ ಕಂಪನಿಗಳು ದಿನಕ್ಕೊಂದರಂತೆ ಹುಟ್ಟುತ್ತಿದ್ದ ಕಾಲ. ಅತ್ತೆ ಮಂಡ್ಯದಿಂದ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಅವರಿಗೆ ಜಪಾನಿ ಭಾಷೆ ಹಾಗಿರಲಿ, ಇಂಗ್ಲಿಷೂ ಅಷ್ಟಕ್ಕಷ್ಟೆ.

ವಿಡಿಯೋ ಅಂಗಡಿ

ನಮ್ಮೂರು ಕ್ಯಾಂಪ್‌ಬೆಲ್‌ನ ವಿಡಿಯೋ ಅಂಗಡಿಯಲ್ಲಿ ಅತ್ತೆ ಆರಿಸಿದ್ದು ಕತ್ತಿ ಹಿಡಿದ ಜಪಾನಿ ಯೋಧನ, ಅಂದರೆ ಸಮುರಾಯ್‌ನ, ಚಿತ್ರವಿದ್ದ ಕ್ಯಾಸೆಟ್ಟು. ಅಂಗಡಿಯವನು, "ಹಳೇ ಕಪ್ಪುಬಿಳುಪು ಸಿನಿಮಾ. ಕೆಳಗೆ ಬರೋ ಇಂಗ್ಲಿಷ್ ಓದ್ತಾರಾ ಇವರು?" ಅಂತ ನನ್ನನ್ನು ಕೇಳಿದ. ಅತ್ತೆಗೆ ಹೇಳಿದೆ.

"ಓದೋದೇನಿದ್ದದು? ಅನ್ಯಾಯ ಮಾಡ್ದೋನು ಯಾರು ಅಂತ ಮೊಕ ನೋಡುದ್ರೆ ಗೊತ್ತಾಯ್ತದೆ."

ತಿಂಗಳಲ್ಲಿ ಇಡೀ ಕಪಾಟು ಮುಗಿಸಿದರು. ಆಮೇಲೆ ನಾವು ಹೋದಾಗಲೆಲ್ಲ ಅಂಗಡಿಯವನು, ಯಾವ ಕ್ಯಾಸೆಟ್ಟು ಒಳ್ಳೆಯದೆಂದು ಕೇಳಲು ಬೇರೆ ಗಿರಾಕಿಗಳನ್ನೂ ಅತ್ತೆಯ ಹತ್ತಿರವೇ ಕಳಿಸುತ್ತಿದ್ದ. ಅತ್ತೆ ಮೂಗು ಮುರಿದ ಕ್ಯಾಸೆಟ್ಟನ್ನು ಯಾರೂ ಒಯ್ಯುತ್ತಿರಲಿಲ್ಲ.

ಶನಿವಾರದ ಮೀಟಿಂಗು

ಸ್ಯಾನ್ ಫ್ರಾನ್ಸಿಸ್ಕೋದ ಹಳೇ ಥಿಯೇಟರಿನಲ್ಲಿ ಸಮುರಾಯ್ ಸಿನಿಮಾ ಬಂತು. ಶನಿವಾರಕ್ಕೆ ಟಿಕೆಟು ತೆಗೆದಿದ್ದೆ. ಶುಕ್ರವಾರ ನಮ್ಮ ಬಾಸು, "ನಾಳೆ ಮೀಟಿಂಗಿದೆ, ಎಲ್ಲರೂ ಆಫೀಸಿಗೆ ಬನ್ನಿ. ನಾವೆಲ್ಲ ಒಂದೇ ಕುಟುಂಬ" ಅಂದ. ಸತತ ಐದು ಶನಿವಾರ ಆ ಕುಟುಂಬಕ್ಕೇ ದುಡಿದಿದ್ದೆ. ಆದರೂ ಹೂಂ ಅಂದು ಬಂದೆ.

ಮನೆಯಲ್ಲಿ ಅತ್ತೆ, "ಆ ಸಮುರಾಯ್‌ಗಳು ಧಣಿ ತಪ್ಪು ಮಾಡುದ್ರೆ ಚಾಕರಿನೇ ಬಿಟ್ಟು ಹೋಯ್ತಾರೆ. ನೀನು ಒಂದು ರಜ ಕೇಳಕ್ಕೆ ಹೆದರ್ತೀಯಲ್ಲವ್ವ" ಅಂದರು.

ಬೆಳಿಗ್ಗೆ ಬಾಸಿನ ಫೋನು. ನಾನು ಕೈಚಾಚುವ ಮೊದಲೇ ಅತ್ತೆ ಎತ್ತಿದರು. ಅವರಿಗೆ ಬರುತ್ತಿದ್ದದ್ದು ಎರಡೇ ಇಂಗ್ಲಿಷ್ ಮಾತು, ಎರಡನ್ನೂ ಬಳಸಿದರು. "ನೋ. ಥ್ಯಾಂಕ್ಯೂ."

ಥಿಯೇಟರು

ಆಫೀಸು ಬಿಟ್ಟು ಸಿನಿಮಾಕ್ಕೇ ಹೋದೆವು. ಪರದೆಯಲ್ಲಿ ಹೀರೋನ ಹಿಂದೆ ಒಬ್ಬ ಕತ್ತಿ ಎತ್ತಿದ. "ಹಿಂದ್ಗಡೆ ನೋಡಪ್ಪ" ಅಂದರು ಅತ್ತೆ, ಇಡೀ ಹಾಲಿಗೆ ಕೇಳುವಂತೆ. ಥಿಯೇಟರಿನವನು ಟಾರ್ಚು ಹಿಡಿದು ಬಂದ, ಮಾತಾಡಿದರೆ ಎಬ್ಬಿಸಿ ಕಳಿಸುತ್ತೇನೆ ಅಂದ.

"ಕೊಲ್ತಾವ್ರೆ, ಸುಮ್ಕಿರು ಅಂದ್ರೆ ಹೆಂಗೆ? ನಾನು ಏಳಕಿಲ್ಲ."

ಅಷ್ಟರಲ್ಲಿ ಏನು ಕೆಟ್ಟಿತೋ, ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳೇ ಮಾಯವಾದವು. ಯಾರಿಗೂ ಕಥೆ ತಿಳಿಯದು. ಅತ್ತೆ ಮಾತ್ರ ಮುಖಗಳನ್ನು ನೋಡಿ ಕನ್ನಡದಲ್ಲಿ ಕಥೆ ಹೇಳುತ್ತಲೇ ಇದ್ದರು. "ಏನಂತಿದ್ದಾರೆ ಅವರು?" ಅಂತ ಮುಂದಿನ ಸಾಲಿನವರು ಕೇಳಿದರು. ಅತ್ತೆಯ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ: ಆ ದಪ್ಪಗಿರುವವನು ಹೀರೋನ ಮಾವ, ಮಗಳನ್ನು ಕಳಿಸಲಾರದೆ ಅಳುತ್ತಿದ್ದಾನೆ. ಜನ ನಕ್ಕರು, ಮೂಗು ಒರೆಸಿಕೊಂಡರು. ಟಾರ್ಚಿನವನೂ ಅಲ್ಲೇ ಕೂತುಬಿಟ್ಟ.

ಸಿನಿಮಾ ಮುಗಿದ ಮೇಲೆ ಜಪಾನಿ ಅಜ್ಜ ಒಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಅವನು ಮಾವ ಅಲ್ಲ. ಅಡುಗೆಯವನು."

ನನ್ನ ಮುಖ ಚಿಕ್ಕದಾಯಿತು. ಅತ್ತೆಗೆ ಹೇಳಿದೆ.

"ಯಾಕೆ, ಅಡುಗೆಯವ್ನಿಗೆ ಮಗಳಿರಬಾರ್ದಾ?"

ಅದನ್ನೂ ಇಂಗ್ಲಿಷಿಗೆ ತಂದೆ. ಅಜ್ಜ ಅತ್ತೆಗೆ ಸೊಂಟ ಬಾಗಿಸಿ ನಮಸ್ಕರಿಸಿ ಅಂದರು, "ನಲವತ್ತು ವರ್ಷದಿಂದ ಈ ಸಿನಿಮಾ ನೋಡ್ತಿದ್ದೀನಿ. ಅವನು ಯಾಕೆ ಅಷ್ಟು ಅಳ್ತಾನೆ ಅಂತ ಇವತ್ತು ಗೊತ್ತಾಯಿತು."